ಹಿಂದಿನ ಸಾಲಿನ ಬಟ್ಟಲು

ಜನವರಿ 12

ಪ್ರೀತಿಯ ಗುಬ್ಬಿ,

ಫೋನಿನಲ್ಲಿ ನಾವಿಬ್ಬರೂ ಮಾತಾಡಿದರೆ ಮೂರನೆಯ ಮಾತಿಗೆ ಜಗಳ. ಅದಕ್ಕೇ ನಿನ್ನ ಅಣ್ಣ ಲಾರಿ ಹತ್ತುವ ಮೊದಲು, "ಅವಳಿಗೆ ಬರ್ದು ಕಳ್ಸು. ಬರಿಯೋವಾಗ ಅರ್ಧ ಸಿಟ್ಟು ಇಳಿಯುತ್ತೆ" ಎಂದು ಹೇಳಿ ಹೋದರು. ಅತ್ತಿಗೆ ನಾದಿನಿಯರ ನಡುವೆ ಅವರದೊಂದು ಹೊಸ ಪಂಚಾಯಿತಿ.

ಸುದ್ದಿ ಇದೆ. ನಮ್ಮ ಚರ್ಚಿನಲ್ಲಿ ಸಂಧಾನ ಸಮಿತಿ ಅಂತ ಮಾಡಿದ್ದಾರೆ, ನಾನು ಅದರ ಕಾರ್ಯದರ್ಶಿ. ನಗಬೇಡ. ಹೊಸ ಅಯ್ಯನವರು ಬಂದ ಮೊದಲ ಭಾನುವಾರವೇ ಪೀಠದ ಮೇಲಿಂದ ಕೇಳಿಬಿಟ್ಟರು: "ಬಿಳೀ ಚರ್ಮದೋರು ಮುಂದೆ, ಕಪ್ಪು ಚರ್ಮದೋರು ಹಿಂದೆ. ಹೀಗೆ ಕೂತ್ಕೊಳ್ಳಿ ಅಂತ ನಿಮಗೆ ಯಾರು ಹೇಳಿದ್ದು?" ಯಾರೂ ಹೇಳಿರಲಿಲ್ಲ. ನಿಯಮ ಎಂದೋ ಹೋಗಿದೆ, ಸಾಲು ಹೋಗಿಲ್ಲ. ಅವತ್ತು ಕೆಮ್ಮುವುದಕ್ಕೂ ಜನ ಹೆದರಿದರು.

ನಮ್ಮ ಮನೆಯೇ ಅವರಿಗೆ ಉದಾಹರಣೆಯಂತೆ. ಬಿಳಿ ಸೊಸೆ, ಕಪ್ಪು ಅತ್ತೆ, ಒಂದೇ ಒಲೆ. ನಮ್ಮ ಮದುವೆಯ ಫೋಟೋ ತೆಗೆದವನು ಬೆಳಕು ಹೊಂದಿಸಲಾಗದೆ ಎಲ್ಲರನ್ನೂ ಬೈದದ್ದು ನೆನಪಿದೆಯಾ? ಇಡೀ ಫೋಟೋದಲ್ಲಿ ನಾನೊಬ್ಬಳು ದೆವ್ವದ ಹಾಗಿದ್ದೇನೆ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಪ್ರಭುಭೋಜನಕ್ಕೆ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚುವಾಗ, ಇನ್ನು ಎರಡು ಬಟ್ಟಲು ಇರುವುದಿಲ್ಲ. ಮುಂದಿನ ಸಾಲಿಗೆ ಬೆಳ್ಳಿ, ಹಿಂದಿನ ಸಾಲಿಗೆ ಹಿತ್ತಾಳೆ ಎನ್ನುವ ಅವಮಾನ ಸಾಕು ಎಂದು ಸಮಿತಿ ಒಕ್ಕೊರಲಿನಿಂದ ಹೇಳಿತು. ಎಲ್ಲರಿಗೂ ಒಂದೇ ಬಟ್ಟಲು, ಒಂದೇ ದ್ರಾಕ್ಷಾರಸ. ಹಿತ್ತಾಳೆಯದು ಮೊದಲಿನಿಂದ ನಮ್ಮ ಅಡುಗೆಮನೆಯ ಗೂಡಿನಲ್ಲೇ ಇರುತ್ತದಲ್ಲ, ನಾನೇ ಅತ್ತೆಯನ್ನು ಕೇಳಿದೆ. ಅವರು ಒಂದು ಮಾತೂ ಆಡಲಿಲ್ಲ. ಒಗೆದ ಬಟ್ಟೆಯಲ್ಲಿ ಸುತ್ತಿ ತಾವೇ ನನ್ನ ಕೈಗೆ ಕೊಟ್ಟರು. ಮೌನ ಸಮ್ಮತಿಯ ಲಕ್ಷಣ ಅಂತಾರೆ. ನನಗೆ ಕಣ್ಣು ತುಂಬಿ ಬಂತು.

ಮೇ ತಿಂಗಳಲ್ಲಿ ಸಂಧಾನದ ದೊಡ್ಡ ಆರಾಧನೆ. ನೀನು ಬರಲೇಬೇಕು. ನೀನು ಚಿಕ್ಕವಳಿದ್ದಾಗ ಹಿಂದಿನ ಸಾಲಿನಲ್ಲಿ ಕೂರುವುದು ಹೇಗಿತ್ತು ಎಂದು ಸ್ವಲ್ಪ ಹೊತ್ತು ಮಾತಾಡಿದರೆ ಸಾಕು. ಜನರ ಮನಸ್ಸು ಕರಗುತ್ತದೆ.

ನಿನ್ನ ಅತ್ತಿಗೆ


ಜನವರಿ 30

ಅತ್ತಿಗೆಗೆ ನಮಸ್ಕಾರ.

ಕೆಲಸ ಕುತ್ತಿಗೆಯವರೆಗೆ ಬಂದಿದೆ. ಚಳಿಗಾಲದಲ್ಲಿ ಈ ಊರಿನ ಮುದುಕರಿಗೆಲ್ಲ ಒಟ್ಟಿಗೇ ಹಲ್ಲು ಬೇಕಾಗುತ್ತದೆ. ನನ್ನ ಮೇಜಿನ ಮೇಲೆ ಅವರ ಬಾಯಿಯ ಅಚ್ಚುಗಳು ಸಾಲಾಗಿ ಕೂತಿವೆ. ಪ್ಲಾಸ್ಟರಿನಲ್ಲಿ ಎಲ್ಲರ ಬಾಯಿಯೂ ಬಿಳಿ, ಯಾರದು ಯಾವ ಬಣ್ಣ ಎಂದು ಹೇಳಲಾಗುವುದಿಲ್ಲ. ಹಲ್ಲಿನ ಸೆಟ್ಟು ತೆಗೆದುಕೊಂಡು ಹೋಗಲು ಬಂದವರು ಅದನ್ನು ಮಾಡಿದವಳು ನಾನು ಎಂದು ಗೊತ್ತಾದಾಗ ಒಂದು ಕ್ಷಣ ಕೈಯಲ್ಲಿ ಹಿಡಿದು ನೋಡುತ್ತಾರೆ. ಆಮೇಲೆ ಬಾಯಿಗೆ ಇಟ್ಟುಕೊಳ್ಳುತ್ತಾರೆ. ಹಲ್ಲಿಲ್ಲದೆ ಎಷ್ಟು ದಿನ ಇರುತ್ತಾರೆ, ಪಾಪ.

ಮೇ ತಿಂಗಳಲ್ಲಿ ಬರಲಾಗುವುದಿಲ್ಲ. ಬಂದರೂ ಮಾತಾಡುವುದಿಲ್ಲ. ನಿಮ್ಮ ಸಭೆಯವರು ಅತ್ತು ಹಗುರಾಗಲಿ ಎಂದು ನಾನು ಗಾಯ ಬಿಚ್ಚಿ ತೋರಿಸಬೇಕೇ? ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರಲ್ಲ, ನಮ್ಮ ಮಟ್ಟಿಗೆ ಅದು ಗಾದೆಯಲ್ಲ.

ಎರಡು ಬಟ್ಟಲು ಬೇಡ ಎಂದದ್ದು ಒಳ್ಳೆಯದೇ. ಹೊಸದೊಂದು ಕೊಂಡು ಹಳೆಯ ಎರಡನ್ನೂ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ ಅಂದುಕೊಂಡಿದ್ದೇನೆ. ಅಪ್ಪನ ಹಿತ್ತಾಳೆ ಬಟ್ಟಲನ್ನು ಎಲ್ಲಿ ಇಡುತ್ತಾರೆ, ಬರೆಯಿರಿ. ಹೊಳೆಯಲಿ ಎಂದು ಹುಳಿ ಹಾಕಿ ಉಜ್ಜಬೇಡಿ ಅನ್ನಿ, ಒಳಗಿನ ಕಲಾಯಿ ಹೋಗುತ್ತದೆ. ಕಲಾಯಿ ಹೋದರೆ ಕಿಲುಬು ಹಿಡಿಯುತ್ತದೆ. ಅದು ಅಮ್ಮನಿಗೆ ಗೊತ್ತು, ಅವಳನ್ನು ಕೇಳಿ.

ನಾನು ಪ್ರತಿ ಭಾನುವಾರ ಇಲ್ಲಿಯ ಚರ್ಚಿಗೆ ಹೋಗುತ್ತಿದ್ದೇನೆ ಎಂದು ಅಮ್ಮನಿಗೆ ಹೇಳಿ.

ಗುಬ್ಬಿ


ಫೆಬ್ರವರಿ 16

ಪ್ರೀತಿಯ ಗುಬ್ಬಿ,

ತಡವಾಯಿತು. ಸಮಿತಿಯ ಓಡಾಟ, ಮನೆಕೆಲಸ, ಅದರ ಮೇಲೆ ಅತ್ತೆಗೆ ನೆಗಡಿ. ಚರ್ಚಿಗೂ ಬರುತ್ತಿಲ್ಲ. "ಮೈಗೆ ಆಗ್ತಿಲ್ಲ, ನೀನು ಹೋಗಿ ಬಾ" ಅಂತಾರೆ. ಕೆಮ್ಮಂತೂ ಕಾಣೆ. ವಯಸ್ಸಾಯಿತಲ್ಲ.

ನಿನ್ನ ಅಣ್ಣ ಮೊನ್ನೆ ಬಂದಿದ್ದರು. ಚರ್ಚಿನ ಕಡೆ ಹೋಗಿ ಬಂದವರು ಊಟವೂ ಮಾಡದೆ ಲಾರಿಯ ಟಯರು ನೋಡುತ್ತೇನೆ ಎಂದು ಹೊರಗೆ ಹೋದರು. ಸಂಜೆಯವರೆಗೂ ಟಯರು ನೋಡಿದರು. ಗಂಡಸರಿಗೆ ಸಿಟ್ಟು ಬಂದರೆ ಒಂದಲ್ಲ ಒಂದು ಟಯರು ಸಿಕ್ಕಿಬಿಡುತ್ತದೆ, ನಮಗೆ ಪಾತ್ರೆಗಳು ಮಾತ್ರ.

ಬಟ್ಟಲು ಎಲ್ಲಿ ಎಂದು ನೀನು ಕೇಳಿದ್ದೆ. ಈಗ ಅದು ಚರ್ಚಿನ ದೊಡ್ಡ ಬಾಗಿಲ ಮೇಲಿದೆ. ಅಂದರೆ, ಬೇರೆ ರೂಪದಲ್ಲಿದೆ. ಸಮಿತಿಯವರು ಎರಕದ ಅಂಗಡಿಗೆ ಕೊಟ್ಟು ಕರಗಿಸಿ ಒಂದು ಫಲಕ ಮಾಡಿಸಿದರು. "ಇಲ್ಲಿ ನಾವೆಲ್ಲರೂ ಒಂದೇ" ಎಂದು ಉಬ್ಬಿದ ಅಕ್ಷರ. ಬಿಸಿಲು ಬಿದ್ದರೆ ಬೀದಿಯ ಆ ತುದಿಗೂ ಕಾಣುತ್ತದೆ. ಅವಮಾನದ ಗುರುತೇ ಪ್ರೀತಿಯ ಗುರುತಾಯಿತು ಎಂದು ಅಯ್ಯನವರು ಚೆನ್ನಾಗಿ ಮಾತಾಡಿದರು. ಇನ್ನು ಮೇಲೆ ಎಲ್ಲರೂ ಬೆಳ್ಳಿ ಬಟ್ಟಲಿನಲ್ಲೇ ಕುಡಿಯುವುದು, ಮೇ ತಿಂಗಳ ಆರಾಧನೆಯಿಂದ. ಅಲ್ಲಿಯವರೆಗೆ ಪ್ರಭುಭೋಜನ ಇಲ್ಲ.

ನಿನಗೆ ಸಂತೋಷವಾಗುತ್ತದೆ ಎಂದು ನಂಬಿದ್ದೇನೆ.

ನಿನ್ನ ಅತ್ತಿಗೆ


ಫೆಬ್ರವರಿ 24

ಅತ್ತಿಗೆ,

ಬೆಳ್ಳಿ ಬಟ್ಟಲನ್ನು ಯಾವಾಗ ಕರಗಿಸುತ್ತೀರಿ?

ಗುಬ್ಬಿ


ಮಾರ್ಚ್ 5

ಗುಬ್ಬಿ,

ಒಂದು ಸಾಲು ಬರೆದು ಕಳಿಸಿದ್ದೀಯ. ಅದನ್ನು ಓದಿದಾಗಿನಿಂದ ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ಸುತ್ತುತ್ತಿದ್ದೇನೆ.

ಬೆಳ್ಳಿ ಬಟ್ಟಲನ್ನು ಯಾಕೆ ಕರಗಿಸಬೇಕು? ಅದು ಈಗ ಎಲ್ಲರದೂ ತಾನೇ? ಸಮಿತಿಯಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ ನಿನಗೆ ಅಷ್ಟು ದೂರದಿಂದ ಹೇಗೆ ಹೊಳೆಯಿತು? ಕೆಟ್ಟದ್ದನ್ನೇ ಹುಡುಕುವವರಿಗೆ ಕೆಟ್ಟದ್ದೇ ಸಿಗುತ್ತದೆ.

ನಾನು ನಿನ್ನ ಅಣ್ಣನಿಗಾಗಿ ಮುಂದಿನ ಸಾಲು ಬಿಟ್ಟು ಬಂದವಳು. ಮದುವೆಯಾದ ಮೇಲೆ ಅವರ ಪಕ್ಕದಲ್ಲಿ ಹಿಂದೆ ಕೂತವಳು. ನನ್ನ ಅಪ್ಪ ಸಾಯುವವರೆಗೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅಂಗಡಿಯಲ್ಲಿ ನನ್ನ ಅಕ್ಕಂದಿರು ನನ್ನನ್ನು ಕಂಡು ಬೇರೆ ಕಡೆ ಮುಖ ತಿರುಗಿಸುವುದನ್ನು ಇಷ್ಟು ವರ್ಷ ನುಂಗಿಕೊಂಡಿದ್ದೇನೆ. ನನಗೆ ನೀನು ಬಣ್ಣದ ಪಾಠ ಹೇಳಬೇಡ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ ಎಂದು ನೀನು ಅಲ್ಲಿ ನಗುತ್ತಿರಬಹುದು. ನಗು.

ನಿನ್ನ ಅತ್ತಿಗೆ


ಏಪ್ರಿಲ್ 2

ಗುಬ್ಬಿ,

ಒಂದು ತಿಂಗಳಾಯಿತು, ನಿನ್ನಿಂದ ಸುದ್ದಿ ಇಲ್ಲ. ದಿನಾ ಅಂಚೆಯವನು ಬರುವ ಹೊತ್ತಿಗೆ ಏನಾದರೊಂದು ನೆಪ ಮಾಡಿಕೊಂಡು ಬಾಗಿಲಲ್ಲಿ ನಿಲ್ಲುತ್ತೇನೆ. ಅವನಿಗೂ ಗೊತ್ತಾಗಿದೆ, ದೂರದಿಂದಲೇ ತಲೆ ಅಲ್ಲಾಡಿಸುತ್ತಾನೆ.

ಅತ್ತೆಗೆ ನೆಗಡಿ ಎಂದು ಬರೆದಿದ್ದೆ. ನೆಗಡಿಯಲ್ಲ. ಫಲಕ ಹೊಡೆದ ದಿನದಿಂದ ಅವರು ಚರ್ಚಿಗೆ ಹೋಗಿಲ್ಲ. ಊಟ ಅರ್ಧ. ಶನಿವಾರ ಬಂದರೆ ಅಭ್ಯಾಸದಂತೆ ಬಿಸಿನೀರು ಕಾಯಿಸುತ್ತಾರೆ, ಆ ಬಟ್ಟಲು ತೊಳೆಯಲು ಇಟ್ಟುಕೊಂಡಿದ್ದ ಬೇರೆ ಬೋಗುಣಿಯಲ್ಲಿ ಸುರಿಯುತ್ತಾರೆ. ಆಮೇಲೆ ನೆನಪಾಗಿ ಸುಮ್ಮನೆ ಚೆಲ್ಲುತ್ತಾರೆ. ಗೂಡು ಖಾಲಿ ಇದೆ. ನಾನು ಅಲ್ಲೊಂದು ಹೂದಾನಿ ಇಟ್ಟೆ, ಮರುದಿನ ಅದು ಕಿಟಕಿಯಲ್ಲಿತ್ತು.

ನನ್ನನ್ನು ಏನೂ ಅನ್ನುವುದಿಲ್ಲ. ಅನ್ನದೆ ಇರುವುದನ್ನು ನನ್ನಿಂದ ತಡೆದುಕೊಳ್ಳಲಾಗುತ್ತಿಲ್ಲ. ಏನು ತಪ್ಪು ಮಾಡಿದ್ದೇನೆ ಎಂದು ಬರಿ. ಬೈದಾದರೂ ಬರಿ.

ನಿನ್ನ ಅತ್ತಿಗೆ


ಏಪ್ರಿಲ್ 11

ಅತ್ತಿಗೆ,

ಬೈಯಲು ಹೇಳಿದ್ದೀರಿ. ತುಂಬ ಪತ್ರ ಬರೆದು ಹರಿದೆ. ಇದನ್ನು ಮತ್ತೆ ಓದದೆ ಅಂಚೆ ಪೆಟ್ಟಿಗೆಗೆ ಹಾಕುತ್ತೇನೆ.

ಆ ಬಟ್ಟಲು ಅವಮಾನದ ಗುರುತು ಎಂದು ನಿಮ್ಮ ಸಮಿತಿಗೆ ಯಾರು ಹೇಳಿದರು? ಅದನ್ನು ನಮಗೆ ಮುಂದಿನ ಸಾಲಿನವರು ಕೊಟ್ಟರು ಅಂದುಕೊಂಡಿರಾ? ಅವರು ಕೊಟ್ಟದ್ದು ಏನೂ ಇಲ್ಲ. ಆಗ ಹಿಂದಿನ ಸಾಲಿಗೆ ರೊಟ್ಟಿ ಮಾತ್ರ ಬರುತ್ತಿತ್ತು. ದ್ರಾಕ್ಷಾರಸ ಮುಂದೆಯೇ ಮುಗಿಯುತ್ತಿತ್ತು, ಮುಗಿಯದಿದ್ದರೂ ಮುಗಿಯಿತು ಅನ್ನುತ್ತಿದ್ದರು.

ನನಗೆ ಮೊದಲ ಪ್ರಭುಭೋಜನ. ಅಮ್ಮ ಬಿಳಿ ಫ್ರಾಕು ಹೊಲಿದಿದ್ದಳು. ನಾನು ಮಗು, ದೇವರು ಕರೆದಿದ್ದಾನೆ ಅಂದರೆ ಕರೆದಿದ್ದಾನೆ ಎಂದೇ ತಿಳಿದು ನಡೆದುಕೊಂಡು ಮುಂದೆ ಹೋದೆ. ಅಯ್ಯನವರು ಬೇರೆ ಕಡೆ ನೋಡುತ್ತಿದ್ದರು. ಬೆಳ್ಳಿ ಬಟ್ಟಲಿಗೆ ತುಟಿ ಇಟ್ಟೆ. ಸಭೆಯ ಹಿರಿಯರೊಬ್ಬರು ಎದ್ದು ಬಂದು ಬಟ್ಟಲನ್ನು ಕಿತ್ತುಕೊಂಡರು. ಎಲ್ಲರೂ ನೋಡುತ್ತಿದ್ದ ಹಾಗೆ ಹೊರಗೆ ಹೋಗಿ ಉಳಿದ ರಸವನ್ನು ಮೆಟ್ಟಿಲ ಪಕ್ಕದ ಮಣ್ಣಿಗೆ ಚೆಲ್ಲಿದರು. ನನ್ನ ಬಾಯಿ ತಾಗಿದ ಅಂಚನ್ನು ಕರವಸ್ತ್ರದಿಂದ ಒರೆಸಿದರು. ಆ ಕರವಸ್ತ್ರವನ್ನೂ ಅಲ್ಲೇ ಎಸೆದರು. ನನಗೆ ಅದು ಜ್ಞಾಪಕ ಇದೆ, ಅಂಚಿಗೆ ನೀಲಿ ಹೊಲಿಗೆ ಇತ್ತು.

ಅಪ್ಪ ಕೂಗಾಡಲಿಲ್ಲ. ತಾನು ಕೆಲಸ ಮಾಡುತ್ತಿದ್ದ ಪಂಪು ರಿಪೇರಿಯ ಕಾರ್ಖಾನೆಯಲ್ಲಿ ಗುಜರಿಗೆ ಹೋಗುವ ಒಂದು ದಪ್ಪ ಹಿತ್ತಾಳೆ ತುಂಡು ಕೇಳಿ ತಂದ. ಊಟದ ಬಿಡುವಿನಲ್ಲಿ ಲೇತಿನ ಮೇಲೆ ಕಡೆದ. ಒಳಗೆ ತಾನೇ ಕಲಾಯಿ ಹಾಕಿದ. ಮುಂದಿನ ಪ್ರಭುಭೋಜನದ ದಿನ ಎಲ್ಲರ ಎದುರು ಹೋಗಿ ಬೆಳ್ಳಿ ಬಟ್ಟಲಿನ ಪಕ್ಕದಲ್ಲಿ ಅದನ್ನು ಇಟ್ಟ. "ಅಯ್ಯನೋರೇ, ಇದಕ್ಕೂ ಪ್ರಾರ್ಥನೆ ಮಾಡಿ" ಅಂದ. ಮಾಡದೆ ವಿಧಿ ಇರಲಿಲ್ಲ. ಅವತ್ತು ಹಿಂದಿನ ಸಾಲಿನ ಮುದುಕಿಯರು ಜೀವನದಲ್ಲಿ ಮೊದಲ ಸಲ ದ್ರಾಕ್ಷಾರಸ ಕುಡಿದರು. ಅದನ್ನು ನೀವು ಕರಗಿಸಿ ಬಾಗಿಲಿಗೆ ಮೊಳೆ ಹೊಡೆದಿದ್ದೀರಿ.

ನೀವು ಹಿಂದಿನ ಸಾಲಿಗೆ ಬಂದು ಕೂತಿರಿ, ಒಪ್ಪುತ್ತೇನೆ. ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಒಂದು ಕೇಳುತ್ತೇನೆ. ಪ್ರಭುಭೋಜನದ ಹೊತ್ತಿಗೆ ಎದ್ದು ಯಾವ ಬಟ್ಟಲಿನ ಹತ್ತಿರ ಹೋಗುತ್ತಿದ್ದಿರಿ? ಮದುವೆಯಾಗಿ ಬಂದ ಮೇಲೆ ಒಂದು ಭಾನುವಾರವಾದರೂ ಅಪ್ಪನ ಬಟ್ಟಲಿಗೆ ತುಟಿ ಇಟ್ಟಿರಾ?

ಗುಬ್ಬಿ


ಏಪ್ರಿಲ್ 22

ಗುಬ್ಬಿ,

ಇಲ್ಲ.

ನಿನ್ನ ಪತ್ರ ಓದುವವರೆಗೆ ಅದು ನನ್ನ ತಲೆಗೇ ಬಂದಿರಲಿಲ್ಲ. ನಿನ್ನ ಅಣ್ಣನ ಪಕ್ಕದಿಂದ ಏಳುತ್ತಿದ್ದೆ, ಅವರು ಎಡಕ್ಕೆ ಹಿತ್ತಾಳೆಯ ಕಡೆ, ನಾನು ಬಲಕ್ಕೆ ಬೆಳ್ಳಿಯ ಕಡೆ. ಚಿಕ್ಕಂದಿನಿಂದ ಹೋದ ದಾರಿಯಲ್ಲಿ ಕಾಲು ತಾನಾಗಿ ಹೋಗುತ್ತಿತ್ತು. ಯಾರೂ ತಡೆಯಲಿಲ್ಲ. ನನ್ನನ್ನು ಯಾಕೆ ತಡೆಯುತ್ತಾರೆ?

ಅತ್ತೆ ಕಾಳು ಆರಿಸುತ್ತಿದ್ದರು. ಎದುರಿಗೆ ಕೂತು ಕೇಳಿದೆ, "ಅತ್ತೆ, ನಾನು ಆ ಬಟ್ಟಲಲ್ಲಿ ಕುಡೀತಿರಲಿಲ್ಲ ಅನ್ನೋದು ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಪ್ರತಿ ಸಲ ಬಟ್ಟಲು ಹಿಡ್ಕೊಂಡು ನಿಂತವಳು ನಾನೇ ಅಲ್ವಾ?"

"ಮತ್ತೆ ಯಾಕೆ ಕರೀಲಿಲ್ಲ?"

"ಕರೆದು ಕುಡಿಸೋದಾ ಅದು? ಬರ್ತೀಯೇನೋ ಅಂತ ನೋಡ್ತಿದ್ದೆ. ಆಮೇಲೆ ನೋಡೋದು ಬಿಟ್ಟೆ."

ಕಾಳಿನ ತಟ್ಟೆ ಬದಿಗಿಟ್ಟು ಇನ್ನೊಂದು ಮಾತು ಹೇಳಿದರು. "ಕರಗಿಸೋಕೆ ಮುಂಚೆ ಒಂದ್ಸಲ ಮುಂದಿನ ಸಾಲಿನೋರೆಲ್ಲ ಅದ್ರಲ್ಲಿ ಕುಡಿದಿದ್ರೆ ನಾನೇ ತಗೊಂಡೋಗಿ ಬೆಂಕಿಗೆ ಹಾಕ್ತಿದ್ದೆ. ಒಂದೇ ಒಂದ್ಸಲ."

ಆ ಹಿರಿಯರು ಯಾರು ಎಂದು ನೀನು ಬರೆಯಲಿಲ್ಲ. ಬರೆಯದೆ ಬಿಟ್ಟದ್ದು ನನಗಾಗಿ ಎಂದು ಗೊತ್ತಾಯಿತು. ಅಪ್ಪನ ಕರವಸ್ತ್ರಗಳಿಗೆಲ್ಲ ನೀಲಿ ಅಂಚು ಹಾಕುತ್ತಿದ್ದವಳು ನನ್ನ ಅಮ್ಮ. ಅತ್ತೆಯನ್ನು ಕೇಳಿದೆ, "ಅದು ನಮ್ಮಪ್ಪನಾ?" "ಹೌದು. ಅದನ್ನ ಹೊತ್ಕೊಂಡು ತಿರುಗೋಕೆ ನೀನು ಹೋಗ್ಬೇಡ. ನೀನು ಅವರ ಮಗಳೂ ಹೌದು, ನನ್ನ ಸೊಸೇನೂ ಹೌದು" ಅಂದರು. ನಾನು ಅಳಬೇಕಾಗಿತ್ತು. ಅಳು ಬರಲಿಲ್ಲ. ನಾಚಿಕೆಯಿಂದ ಮೈ ಸುಡುತ್ತಿತ್ತು.

ನಿನ್ನೆ ಸಮಿತಿಯಲ್ಲಿ ಬೆಳ್ಳಿ ಬಟ್ಟಲಿನ ಮಾತು ಎತ್ತಿದೆ. ಒಬ್ಬರು, "ಅದು ನಮ್ಮ ಹಿರಿಯರ ಕಾಣಿಕೆ, ಕರಗಿಸೋಕಾಗುತ್ತಾ?" ಅಂದರು. ಇನ್ನೊಬ್ಬರು, "ಗಾಯ ಮಾಯ್ತಾ ಇದೆ, ಯಾಕೆ ಕೆರಿತೀರಿ?" ಅಂದರು. ಅಯ್ಯನವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಹೇಳಿದರು. ನಾನು ರಾಜೀನಾಮೆ ಕೊಡುತ್ತೇನೆ ಎಂದು ಅವರಿಗೆಲ್ಲ ಆಸೆ ಹುಟ್ಟಿತು. ಕೊಡಲಿಲ್ಲ. ಕೊಟ್ಟರೆ ಅವರಿಗೆ ಸುಲಭ.

ಏನು ಮಾಡಬೇಕು ಎಂದು ಮಾತ್ರ ತಿಳಿಯುತ್ತಿಲ್ಲ. ಕರಗಿದ್ದು ಕರಗಿತು.

ನಿನ್ನ ಅತ್ತಿಗೆ


ಮೇ 19

ಪ್ರೀತಿಯ ಗುಬ್ಬಿ,

ನೀನು ಉತ್ತರ ಬರೆಯದಿದ್ದರೂ ಇದನ್ನು ಬರೆಯಲೇಬೇಕು, ಕೈ ನಿಲ್ಲುತ್ತಿಲ್ಲ.

ಇವತ್ತು ಸಂಧಾನದ ಆರಾಧನೆ. ಬೆಳಿಗ್ಗೆ ಅತ್ತೆ ಎದ್ದು ಸ್ನಾನ ಮಾಡಿ ಒಳ್ಳೆಯ ಬಟ್ಟೆ ಉಟ್ಟರು. "ನಡಿ" ಅಂದರು, ಅಷ್ಟೇ. ನಿನ್ನ ಅಣ್ಣ ಊರಲ್ಲೇ ಇದ್ದರು, ಬಾಯಿ ತೆರೆದುಕೊಂಡು ನೋಡಿದರು. ಅತ್ತೆಯ ಚೀಲ ಸ್ವಲ್ಪ ಉಬ್ಬಿತ್ತು. ಔಷಧಿ ಇರಬೇಕು ಅಂದುಕೊಂಡೆ. ಚರ್ಚಿಗೆ ಬಂದಾಗ ಫಲಕವಿರುವ ದೊಡ್ಡ ಬಾಗಿಲಿಗೆ ಹೋಗಲಿಲ್ಲ, ಪಕ್ಕದ ಬಾಗಿಲಿನಿಂದ ಒಳಗೆ ಹೋದರು.

ಹಾಡು, ಪ್ರಸಂಗ, ಒಬ್ಬರನ್ನೊಬ್ಬರು ತಬ್ಬಿಕೊಳ್ಳುವುದು, ಎಲ್ಲ ಆಯಿತು. ನನ್ನನ್ನು ತಬ್ಬಿಕೊಂಡ ದೊಡ್ಡಕ್ಕ ಮೈಯೆಲ್ಲ ಬಿಗಿ ಮಾಡಿಕೊಂಡಿದ್ದಳು. ಆಮೇಲೆ ಪ್ರಭುಭೋಜನ. ಹಿಂದಿನ ಸಾಲಿನವರಲ್ಲಿ ಹಿರಿಯರು ಎಂದು ಅತ್ತೆಯನ್ನೇ ಮೊದಲು ಕರೆದರು. ಅಯ್ಯನವರು ಬೆಳ್ಳಿ ಬಟ್ಟಲು ಮುಂದೆ ಮಾಡಿದರು. ಅತ್ತೆ ಚೀಲದಿಂದ ಲೋಟ ತೆಗೆದರು. ದಿನಾ ನೀರು ಕುಡಿಯುವ, ಅಂಚು ನೆಗ್ಗಿದ ಸ್ಟೀಲು ಲೋಟ.

"ಇದಕ್ಕೆ ಹಾಕಿ ಅಯ್ಯನೋರೇ."

"ಅಮ್ಮಾ, ಇವತ್ತು ಎಲ್ಲರಿಗೂ ಒಂದೇ ಬಟ್ಟಲು..."

"ಗೊತ್ತು. ಇದೇ ಆಗ್ಲಿ ಆ ಒಂದು."

ಅಯ್ಯನವರು ಸುರಿದರು. ಅತ್ತೆ ಒಂದು ಗುಟುಕು ಕುಡಿದರು. ಜನರ ಕಡೆ ತಿರುಗಿ ಲೋಟ ಮುಂದೆ ಚಾಚಿ ನಿಂತರು. ಹಿಂದಿನ ಸಾಲಿನವರು ಎದ್ದು ಅವರ ಹತ್ತಿರ ಬಂದರು. ಮುಂದಿನ ಸಾಲಿನವರು ಬೆಳ್ಳಿ ಬಟ್ಟಲಿನ ಹತ್ತಿರ ಹೋದರು. "ಮತ್ತೆ ಎರಡಾಯ್ತಲ್ಲ" ಎಂದು ಸಮಿತಿಯವರೊಬ್ಬರು ನನ್ನ ಕಿವಿಯಲ್ಲಿ ಹಲ್ಲು ಕಡಿದರು.

ನನ್ನ ಬಲಗಾಲು ಬಲಕ್ಕೆ ಹೊರಟಿತ್ತು ಎಂದು ನಿನಗೆ ಹೇಳುತ್ತೇನೆ. ಇಷ್ಟೆಲ್ಲ ಆದ ಮೇಲೂ. ಅದನ್ನು ತಡೆದು ಎಡಕ್ಕೆ ತಿರುಗಿಸಬೇಕಾಯಿತು. ಅತ್ತೆಯ ಎದುರು ನಿಂತಾಗ ಅವರು ಮೆಲ್ಲಗೆ, "ತಡ ಮಾಡ್ಬಿಟ್ಟೆ" ಅಂದರು. ಮಗುವಿಗೆ ಕುಡಿಸುವ ಹಾಗೆ ಲೋಟವನ್ನು ನನ್ನ ಬಾಯಿಗೆ ಹಿಡಿದರು.

ನಾನು ಈಚೆ ಬಂದು ನೋಡಿದರೆ ಆರ್ಗನ್ ನುಡಿಸುವ ಮುದುಕಿ, ಮುಂದಿನ ಸಾಲಿನ ಆ ಬಿಳಿ ಕೂದಲಿನವರು, ನುಡಿಸುವುದನ್ನು ಅರ್ಧಕ್ಕೆ ನಿಲ್ಲಿಸಿ ಕೋಲೂರಿಕೊಂಡು ಅತ್ತೆಯ ಸಾಲಿಗೆ ಬರುತ್ತಿದ್ದರು. ಕೊನೆಗೆ ಅಯ್ಯನವರು ಬಂದರು. ಮುಂದಿನ ಸಾಲಿನಿಂದ ಇನ್ಯಾರೂ ಬರಲಿಲ್ಲ. ನನ್ನ ಅಕ್ಕಂದಿರು ಆಶೀರ್ವಾದಕ್ಕೂ ನಿಲ್ಲದೆ ಹೊರಟು ಹೋದರು. ನಾಳೆ ಸಮಿತಿಯ ಸಭೆ, ದೊಡ್ಡ ಗಲಾಟೆ ಇದೆ. ಫಲಕ ತೆಗೆಯಿರಿ ಎಂದು ಕೆಲವರು, ನನ್ನನ್ನು ತೆಗೆಯಿರಿ ಎಂದು ಕೆಲವರು. ಸಂಧಾನ ಅಂದರೆ ಎಲ್ಲರೂ ಸುಮ್ಮನಾಗುವುದು ಎಂದು ತಿಳಿದಿದ್ದೆ.

ಅತ್ತೆ ಮನೆಗೆ ಬಂದು ಬಿಸಿನೀರು ಕಾಯಿಸಿ ಲೋಟ ತೊಳೆದರು. ಗೂಡಿನಲ್ಲಿ ಇಟ್ಟರು. "ನೀರು ಕುಡಿಯೋಕೆ ಬೇರೆ ಲೋಟ ತಗೊಳ್ಳಿ" ಅಂದರು. ಹೊಟ್ಟೆ ತುಂಬ ಊಟ ಮಾಡಿದರು.

ನಿನ್ನ ಅತ್ತಿಗೆ


ಮೇ 27

ಅತ್ತಿಗೆ,

ನಿಮ್ಮ ಪತ್ರವನ್ನು ಅಂಗಡಿಯಲ್ಲಿ, ಆ ಪ್ಲಾಸ್ಟರ್ ಬಾಯಿಗಳ ನಡುವೆ ಓದಿದೆ. ಆಮೇಲೆ ಕೆಲಸ ಮಾಡಲಾಗಲಿಲ್ಲ. ಹಲ್ಲು ಹೋದ ಮುದುಕನೊಬ್ಬ ಇನ್ನೂ ಒಂದು ವಾರ ಗಂಜಿ ಕುಡಿಯಬೇಕು, ನಿಮ್ಮಿಂದ.

ಅಮ್ಮನಿಗೆ ನಾನು ಹೇಳಿದ್ದು ಸುಳ್ಳು. ಈ ಊರಿಗೆ ಬಂದ ಹೊಸದರಲ್ಲಿ ಒಂದೇ ಸಲ ಚರ್ಚಿಗೆ ಹೋಗಿದ್ದೆ. ಇಲ್ಲಿ ಬಟ್ಟಲು ಒಂದೇ. ಸಾಲೂ ಒಂದೇ. ನಾನು ಕುಡಿದೆ. ನನ್ನ ಹಿಂದೆ ನಿಂತಿದ್ದ ಬಿಳಿ ಹೆಂಗಸು ಬಟ್ಟಲು ತೆಗೆದುಕೊಂಡು, ನನ್ನ ಕಡೆ ನೋಡಿ ನಕ್ಕು, ಅದನ್ನು ಆ ಕಡೆಗೆ ತಿರುಗಿಸಿ ಇನ್ನೊಂದು ಅಂಚಿನಿಂದ ಕುಡಿದಳು. ಅವಳಿಗೂ ಗೊತ್ತಿರಲಿಲ್ಲವೇನೋ, ಕೈ ತಾನಾಗಿ ತಿರುಗಿತೇನೋ, ನಿಮ್ಮ ಕಾಲಿನ ಹಾಗೆ. ಅವತ್ತಿನಿಂದ ನಾನು ಹೋಗಿಲ್ಲ. ಅಮ್ಮನಿಗೆ ಇದನ್ನು ಹೇಳಬೇಡಿ. ಅಲ್ಲ, ಹೇಳಿ.

ನಿಮ್ಮ ಅಪ್ಪನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ, ಅವಸರ ಮಾಡಬೇಡಿ. ನಿಮ್ಮನ್ನು ಏನು ಮಾಡಬೇಕು ಎಂದೂ ಇನ್ನೂ ಗೊತ್ತಾಗಿಲ್ಲ. ನನಗೆ ರಜೆ ಸಿಕ್ಕಿದೆ. ಜೂನ್ ಮೊದಲ ಭಾನುವಾರದ ಹೊತ್ತಿಗೆ ಮನೆಯಲ್ಲಿರುತ್ತೇನೆ. ಭಾಷಣ ಮಾಡುವುದಿಲ್ಲ. ಯಾರನ್ನೂ ತಬ್ಬಿಕೊಳ್ಳುವುದಿಲ್ಲ.

ಅಮ್ಮ ಲೋಟ ಹಿಡಿದು ನಿಂತಾಗ ನಾನು ಕುಡಿಯುತ್ತೇನೆ. ನನ್ನ ಹಿಂದೆ ನೀವು ನಿಲ್ಲಬೇಕು, ಬೇರೆ ಯಾರೂ ಅಲ್ಲ. ನಾನು ಕುಡಿದ ಮೇಲೆ ನೀವು ಕುಡಿಯಿರಿ.

ಅಂಚು ತಿರುಗಿಸಬಾರದು.

ಗುಬ್ಬಿ